ರೇಸ್‌ಕೋರ್ಸ್ ಚರಿತ್ರೆಯಲ್ಲಿ ಸೈಸ್‌ಗಳ ಹೆಸರೂ ಇರಲಿ

ಮಾನ್ಯ ಮುಖ್ಯಮಂತ್ರಿಗಳೇ, ನಮಸ್ಕಾರ.

ಬೆಂಗಳೂರಿನ ರೇಸ್‌ಕೋರ್ಸ್ ಬಗ್ಗೆ ಈ ಪತ್ರ. ಅದು ಅಲ್ಲೇ ಇರಬೇಕೋ, ಊರಾಚೆ ಹೋಗಬೇಕೋ ಅನ್ನುವ ವಾದ ನಿಮ್ಮ ಕಿವಿಗೆ ಬೇಕಾದಷ್ಟು ಬಿದ್ದಿರುತ್ತದೆ. 2009ರ ಕೊನೆಗೆ ಆ ಸರ್ಕಾರಿ ಜಾಗದ ಗುತ್ತಿಗೆ ಮುಗಿದಾಗಿನಿಂದ ಅದೇ ಮಾತು. ನಾನು ಕೇಳುವುದು ಬೇರೆ. ಕುದುರೆಗಳು ಹೊರಡುವ ಮೊದಲು ಆ ಜಾಗದ ಚರಿತ್ರೆ ಬರೆಸಿ.

ನಮ್ಮಲ್ಲಿ ರೇಸ್ ಬೆಳೆದಿದ್ದು ದಂಡಿನ ಬ್ರಿಟಿಷ್ ಅಧಿಕಾರಿಗಳಿಂದ, ಮೈಸೂರಿನ ಅರಸರಿಂದ. ಮೈಸೂರಿನಲ್ಲಿ 1891ರಲ್ಲೇ ರೇಸ್ ಕ್ಲಬ್ ಬಂತು. ಬೆಂಗಳೂರಿನಲ್ಲಿ 1921ರಲ್ಲಿ ರೇಸ್ ಕ್ಲಬ್, 1962ರಲ್ಲಿ ಟರ್ಫ್ ಕ್ಲಬ್. ನಡುವೆ 1952ರಲ್ಲಿ ರೇಸ್‌ಕೋರ್ಸ್‌ಗಳಿಗೆ ಲೈಸೆನ್ಸ್ ಕೊಡುವ ಕಾಯ್ದೆ. ಕುಣಿಗಲ್ ಫಾರಂ ಕಥೆ ಇನ್ನೂ ಹಳೆಯದು. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯಕ್ಕೆ ಕುದುರೆ ಸಾಕಿದ ನೆಲ ಅದು, ಆಮೇಲೆ ರೇಸ್ ಕುದುರೆಗಳ ತವರಾಯಿತು.

ಇಷ್ಟನ್ನು ಯಾರಾದರೂ ಬರೆದಾರು. ಸೈಸ್‌ಗಳ ಕಥೆ ಯಾರು ಬರೆಯುತ್ತಾರೆ?

ರೇಸಿನ ದಿನ ಲಗಾಮು ಹಿಡಿದು ಪ್ಯಾಡಕ್‌ನಲ್ಲಿ, ಅಂದರೆ ಓಟಕ್ಕೆ ಮುಂಚೆ ಕುದುರೆ ತೋರಿಸುವ ಬೇಲಿಯೊಳಗೆ, ಕುದುರೆಯನ್ನು ಸುತ್ತಾಡಿಸುತ್ತಾನಲ್ಲ, ಅವನೇ ಸೈಸ್. ಮೈ ಉಜ್ಜುವುದು, ಮೇವು ಹಾಕುವುದು, ಕಾಲಿಗೆ ಪಟ್ಟಿ ಸುತ್ತುವುದು, ಎಲ್ಲ ಅವನೇ. ಒಮ್ಮೆ ಬೇಲಿ ಪಕ್ಕ ನಿಂತಿದ್ದೆ. ಜನರ ಗದ್ದಲಕ್ಕೆ ಬೆದರಿದ ಕುದುರೆಯೊಂದು ಕಿವಿ ಹಿಂದಕ್ಕೆ ಒತ್ತಿ ಜಗ್ಗಾಡುತ್ತಿತ್ತು. ಸೈಸ್ ಗದರಲಿಲ್ಲ. ಅದರ ಕತ್ತಿನ ಮೇಲೆ ಅಂಗೈ ಇಟ್ಟು, ಮೆಲ್ಲಗೆ ಏನೋ ಮಾತಾಡುತ್ತಾ ನಡೆದ. ಎರಡು ಸುತ್ತು ಮುಗಿಯುವಷ್ಟರಲ್ಲಿ ಕಿವಿ ನೆಟ್ಟಗಾಯಿತು. ಕೈಯಲ್ಲಿದ್ದ ರೇಸ್ ಪುಸ್ತಕ ತಿರುವಿದೆ. ಮಾಲೀಕರ ಹೆಸರಿತ್ತು, ಟ್ರೈನರ್ ಹೆಸರಿತ್ತು, ಜಾಕಿ ಹೆಸರಿತ್ತು. ಕುದುರೆಯ ಅಪ್ಪ, ಅಮ್ಮನ ಹೆಸರೂ ಇತ್ತು. ಸೈಸ್ ಹೆಸರಿರಲಿಲ್ಲ. ಅವತ್ತಿನಿಂದ ಅದು ನನ್ನನ್ನು ಕೊರೆಯುತ್ತಿದೆ.

ಚರಿತ್ರೆ ಅಂದರೆ ಬರೀ ಹೊಗಳಿಕೆ ಅಂತ ನಾನು ಹೇಳುತ್ತಿಲ್ಲ. ರೇಸ್ ಬರೀ ಅದೃಷ್ಟದಾಟ ಅಲ್ಲ, ಅದರಲ್ಲಿ ಕೌಶಲವೇ ಜಾಸ್ತಿ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿದ್ದು ನಿಜ. ಆದರೆ ಬಾಜಿ ಕಟ್ಟುವ ಟೋಟ್ ಕಿಟಕಿಯಲ್ಲಿ ತಿಂಗಳ ಸಂಬಳ ಸುರಿದು ಬರಿಗೈಲಿ ಮನೆಗೆ ಹೋದವರೂ ಇದ್ದಾರೆ, ಅಲ್ವಾ? ಅವರ ಹೆಂಡತಿ ಮಕ್ಕಳ ಮಾತನ್ನೂ ಬರೆಸಿ. ಅದನ್ನು ಬಿಟ್ಟರೆ ಅರ್ಧ ಕಥೆ ಆಗುತ್ತದೆ.

ವಿಧಾನಸೌಧದಲ್ಲೇ ರಾಜ್ಯ ಪತ್ರಾಗಾರ ಇದೆ. ರೇಸ್‌ಕೋರ್ಸ್‌ಗೆ ಅಲ್ಲಿಂದ ದೂರವೇನಿಲ್ಲ. ಹಳೆಯ ಗುತ್ತಿಗೆ ಪತ್ರ, ನಕ್ಷೆ, ಫೋಟೋ, ಫಲಿತಾಂಶದ ಪುಸ್ತಕಗಳನ್ನು ಒಂದು ಕಡೆ ಸೇರಿಸಲು ಆದೇಶ ಕೊಡಿ. ಸುಮಾರು 85 ಎಕರೆಯ ಆ ನೆಲದಲ್ಲಿ ನಾಳೆ ಏನೇ ಬರಲಿ, ಇವುಗಳನ್ನು ಜನ ನೋಡಲು ಒಂದು ಕೋಣೆ ಬಿಡಿಸಿ. ಕನ್ನಡ, ಉರ್ದು, ತಮಿಳು ಬರುವ ಇಬ್ಬರು ಮೂವರನ್ನು ರೆಕಾರ್ಡರ್ ಕೊಟ್ಟು ಲಾಯಗಳಿಗೆ ಕಳಿಸಿ. ಬೆಳಗಿನ ಓಡಾಟ ಮುಗಿದು ಕುದುರೆಗಳಿಗೆ ನೀರು ಹೊಯ್ದ ಮೇಲೆ ಸೈಸ್‌ಗಳಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಆಗ ಹೋಗಲಿ. ವಯಸ್ಸಾದವರಿಂದಲೇ ಶುರು ಮಾಡಲಿ.

ಇತಿ,
ಬೆಂಗಳೂರಿನ ಒಬ್ಬ ನಾಗರಿಕ