ಕಾಫಿಯಲ್ಲಿ ರೋಲ್ ತೊಳೆಯುವವರು ಚಮಚ ಬಿಟ್ಟು ತಕ್ಕಡಿ ಹಿಡಿಯಲಿ

ಸಂಪಾದಕರಿಗೆ,

ಮಾನ್ಯರೇ,

ಅಟ್ಟದ ಮೇಲಿದ್ದ ಹಳೆಯ ಫಿಲ್ಮ್ ಕ್ಯಾಮೆರಾ ಇಳಿಸಿಕೊಂಡು ಗೋಳಗುಮ್ಮಟ, ಬಾದಾಮಿ, ಐಹೊಳೆ ಸುತ್ತುವ ಹುಡುಗ ಹುಡುಗಿಯರು ನಮ್ಮ ಭಾಗದಲ್ಲಿ ಮತ್ತೆ ಕಾಣಿಸುತ್ತಿರುವುದು ಸಂತೋಷದ ಸಂಗತಿ. ತೆಗೆದ ಕಪ್ಪು ಬಿಳುಪು ರೋಲ್ ತೊಳೆದುಕೊಡುವ ಸ್ಟುಡಿಯೊ ಮಾತ್ರ ಸಿಗುವುದು ಕಷ್ಟ. ಹೀಗಾಗಿ ಇನ್‌ಸ್ಟಂಟ್ ಕಾಫಿ, ವಾಷಿಂಗ್ ಸೋಡಾ, ವಿಟಮಿನ್ ಸಿ ಬೆರೆಸಿ ಮನೆಯಲ್ಲೇ ಡೆವಲಪರ್, ಅಂದರೆ ಫಿಲ್ಮಿನಲ್ಲಿ ಚಿತ್ರ ಏಳಿಸುವ ದ್ರಾವಣ, ಮಾಡಿಕೊಳ್ಳುತ್ತಾರೆ. ಪದ್ಧತಿ ಗಟ್ಟಿಯಾದದ್ದೇ, 1995ರಲ್ಲಿ ಅಮೆರಿಕದ ರೋಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ರೂಪಿಸಿದ್ದು. ಆದರೆ ‘ಇದು ನಾಲ್ಕು ಚಮಚ, ಅದು ಎರಡು ಚಮಚ’ ಎಂಬ ಮೊಬೈಲ್ ವಿಡಿಯೊ ಲೆಕ್ಕಕ್ಕೆ ಎಷ್ಟೋ ರೋಲ್‌ಗಳು ಹಾಳಾಗುತ್ತಿವೆ. ಒಂದು ರೋಲ್‌ಗೆ ನೂರಾರು ರೂಪಾಯಿ ಕೊಟ್ಟವರಿಗೆ ಇದು ಸಣ್ಣ ನಷ್ಟವಲ್ಲ.

ಒಂದು ಲೀಟರಿಗೆ ನೀರಿನಂಶವಿಲ್ಲದ ಸೋಡಾ 54 ಗ್ರಾಂ, ವಿಟಮಿನ್ ಸಿ ಪುಡಿ 16 ಗ್ರಾಂ, ಕಾಫಿ 40 ಗ್ರಾಂ. 35 ಎಂಎಂ ರೋಲ್ ತೊಳೆಯುವ, ಬೆಳಕು ಹೋಗದ 300 ಮಿಲಿ ಡಬ್ಬಿಗೆ (ಟ್ಯಾಂಕ್) ಕ್ರಮವಾಗಿ 16, 5 ಮತ್ತು 12 ಗ್ರಾಂ ಸಾಕು. ತೂಗಲು ಅಕ್ಕಸಾಲಿಗರು ಬಳಸುವಂಥ ಪುಟ್ಟ ಡಿಜಿಟಲ್ ತಕ್ಕಡಿ ಬೇಕೇ ಬೇಕು.

ಹೆಚ್ಚಿನ ಅನಾಹುತ ಆಗುವುದು ಸೋಡಾದಲ್ಲಿ. ಕಿರಾಣಿ ಅಂಗಡಿಯಲ್ಲಿ ಬರೀ ‘ಸೋಡಾ’ ಎಂದರೆ ಅಡುಗೆ ಸೋಡಾ ಕಟ್ಟಿಕೊಡುತ್ತಾರೆ. ಅದರ ಕ್ಷಾರ ಸಾಲದು, ಚಿತ್ರ ಏಳುವುದೇ ಇಲ್ಲ. ಬಟ್ಟೆ ತೊಳೆಯುವ ಹರಳು ಸೋಡಾ ಸಿಕ್ಕರೂ ಕೆಲಸ ಮುಗಿಯಲಿಲ್ಲ. ಆ ಹರಳಿನ ತೂಕದಲ್ಲಿ ಶೇ 63ರಷ್ಟು ಬರೀ ನೀರು. ಹೊಸ ಹರಳಾದರೆ 54 ಗ್ರಾಂ ಬದಲು 146 ಗ್ರಾಂ ಹಾಕಬೇಕು. ಅದೇ ಹರಳನ್ನು ನಮ್ಮ ಬಯಲುಸೀಮೆಯ ಒಣ ಗಾಳಿಯಲ್ಲಿ ತೆರೆದಿಟ್ಟರೆ ನೀರು ಆರಿ ಮೇಲೆ ಬಿಳಿ ಪುಡಿ ಕಟ್ಟುತ್ತದೆ, ಆಗ ಯಾವ ಲೆಕ್ಕವೂ ಕೂಡುವುದಿಲ್ಲ. ಅದಕ್ಕೇ ಹರಳನ್ನು ಸ್ಟೀಲ್ ಬಾಣಲೆಯಲ್ಲಿ ಸಣ್ಣ ಉರಿಗಿಡಿ. ಮೊದಲು ತನ್ನ ನೀರಿನಲ್ಲೇ ಕರಗಿ ಗಂಜಿಯಾಗುತ್ತದೆ, ಆಮೇಲೆ ಬುಡಬುಡ ಕುದಿದು ಒಣ ಪುಡಿಯಾಗುತ್ತದೆ. ತೂಕ ಇಳಿಯುವುದು ನಿಂತಾಗ 100 ಗ್ರಾಂ ಹರಳಿನಿಂದ ಸುಮಾರು 37 ಗ್ರಾಂ ಉಳಿಯುತ್ತದೆ. ಅದನ್ನು ಗಾಳಿಯಾಡದ ಡಬ್ಬಿಯಲ್ಲಿಡಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನು ತಿನ್ನುತ್ತದೆ. ಇಳಕಲ್, ರಬಕವಿ ಬನಹಟ್ಟಿ ಕಡೆಯವರಿಗೆ ಇನ್ನೂ ಸುಲಭದ ದಾರಿಯಿದೆ: ನೂಲಿಗೆ ಬಣ್ಣ ಹಾಕುವವರ ಸಾಮಾನಿನ ಅಂಗಡಿಯಲ್ಲಿ ‘ಸೋಡಾ ಆ್ಯಶ್’ ಕೇಳಿ. ಅದು ನೀರಿಲ್ಲದ ಸೋಡಾ, ನೇರವಾಗಿ ತೂಗಿ ಬಳಸಬಹುದು.

ಕಾಫಿಯಲ್ಲಿ ಕೆಲಸ ಮಾಡುವುದು ಕೆಫೀನ್ ಅಲ್ಲ, ಕೆಫಿಕ್ ಆಮ್ಲದ ಜಾತಿಯ ವಸ್ತುಗಳು. ಆದ್ದರಿಂದ ದುಬಾರಿ ಕಾಫಿ ದಂಡ, ಅಗ್ಗದ್ದೇ ಆಗಲಿ. ಚಿಕೋರಿ ಬೆರೆತದ್ದು ಮಾತ್ರ ಬೇಡ. ನಮ್ಮಲ್ಲಿ ಮಾರಾಟವಾಗುವ ಎಷ್ಟೋ ಇನ್‌ಸ್ಟಂಟ್ ಪುಡಿಗಳಲ್ಲಿ ಅದಿರುತ್ತದೆ, ಪೊಟ್ಟಣದ ಹಿಂಬದಿ ಓದಿ ಕೊಳ್ಳಿ. ವಿಟಮಿನ್ ಸಿ ಎಂದು ಚೀಪುವ ಮಾತ್ರೆ ಕುಟ್ಟಿ ಹಾಕಬೇಡಿ. ಅದರಲ್ಲಿ ಸಕ್ಕರೆ, ಬಣ್ಣ ಎಲ್ಲ ಇರುತ್ತವೆ. ಆಸ್ಕಾರ್ಬಿಕ್ ಆಮ್ಲದ ಪುಡಿಯೇ ಬೇಕು.

ವಿದೇಶಿ ಸೂತ್ರಗಳಲ್ಲಿ ಮಬ್ಬು ತಡೆಯಲು ಅಯೋಡಿನ್ ಉಪ್ಪು ಹೇಳುತ್ತಾರೆ. ಅಮೆರಿಕದಂಥ ಕಡೆ ಉಪ್ಪಿನಲ್ಲಿ ಪೊಟ್ಯಾಶಿಯಂ ಅಯೊಡೈಡ್ ಇದ್ದರೆ ನಮ್ಮ ಉಪ್ಪಿನಲ್ಲಿರುವುದು ಅಯೊಡೇಟ್, ಅದೂ ಚೂರೇ ಚೂರು. 100 ವೇಗದ (ಪೊಟ್ಟಣದ ಮೇಲಿನ ಐಎಸ್‌ಒ ಅಂಕಿ) ಹೊಸ ಫಿಲ್ಮಿಗೆ ಇದರ ಗೊಡವೆಯೇ ಬೇಡ. 400ರ ಫಿಲ್ಮಿಗೆ, ಅಥವಾ ಊಟಿ ಕಾರ್ಖಾನೆಯ ಹಳೆಯ ‘ಇಂದು’ ರೋಲ್ ಸಿಕ್ಕರೆ, ಲೀಟರಿಗೆ 1 ಗ್ರಾಂ ಪೊಟ್ಯಾಶಿಯಂ ಬ್ರೋಮೈಡ್ ಹಾಕಿ.

ಕೊಳವೆಬಾವಿ ನೀರಿಗೆ ಸೋಡಾ ಬಿದ್ದ ತಕ್ಷಣ ಸುಣ್ಣ ಒಡೆದು ನೀರು ಹಾಲಿನಂತಾಗುತ್ತದೆ, ಆ ಕಣಗಳು ಫಿಲ್ಮಿಗೆ ಕೂರುತ್ತವೆ. ಶುದ್ಧ ನೀರಿನ ಘಟಕದ ನೀರು ಅಥವಾ ಡಿಸ್ಟಿಲ್ಡ್ ವಾಟರ್ ಬಳಸಿ. ಮೊದಲು ಸೋಡಾ ಪೂರ್ತಿ ಕರಗಿ ತಿಳಿಯಾಗಲಿ, ಆಮೇಲೆ ವಿಟಮಿನ್ ಸಿ, ಕೊನೆಗೆ ಕಾಫಿ. ವಿಟಮಿನ್ ಬಿದ್ದಾಗ ನೊರೆ ಉಕ್ಕುತ್ತದೆ. ಐದು ನಿಮಿಷ ಬಿಟ್ಟು ಗುಳ್ಳೆ ಅಡಗಿಸದಿದ್ದರೆ ಗುಳ್ಳೆ ಕೂತಲ್ಲೆಲ್ಲ ನೆಗೆಟಿವ್‌ನಲ್ಲಿ ದುಂಡನೆಯ ಖಾಲಿ ಚುಕ್ಕೆ. ಒಂದು ಗಂಟೆಯೊಳಗೆ ಬಳಸಿ ಚೆಲ್ಲಿಬಿಡಿ, ಎತ್ತಿಡುವಂಥದ್ದಲ್ಲ.

ಡೆವಲಪರ್‌ನಲ್ಲಿ ರೋಲ್ 20 ಡಿಗ್ರಿಯಲ್ಲಿ 15 ನಿಮಿಷ ಇರಲಿ. ಏಪ್ರಿಲ್, ಮೇನಲ್ಲಿ ನಮ್ಮ ನಲ್ಲಿ ನೀರು ಅದಕ್ಕಿಂತ ಎಷ್ಟೋ ಬಿಸಿ. ಬಾಟಲಿಯನ್ನೂ ಟ್ಯಾಂಕನ್ನೂ ಮಂಜುಗಡ್ಡೆ ಹಾಕಿದ ಬಕೆಟ್ ನೀರಿನಲ್ಲಿ ನಿಲ್ಲಿಸಿ, ಥರ್ಮಾಮೀಟರ್ ನೋಡಿ. 24 ಡಿಗ್ರಿವರೆಗೆ ಹೋದರೆ ಸಮಯ ಹತ್ತು ನಿಮಿಷದ ಆಸುಪಾಸಿಗೆ ಇಳಿಸಬಹುದು. ಇನ್ನೂ ಬಿಸಿಯಾದರೆ ಫಿಲ್ಮಿನ ಪದರ ಮೆತ್ತಗಾಗಿ ಗೀರು ಬೀಳಬಹುದು. ಮೊದಲ ನಿಮಿಷ ಬಿಡದೆ, ನಂತರ ನಿಮಿಷಕ್ಕೆ ಮೂರು ಸಲ ಟ್ಯಾಂಕ್ ತಲೆಕೆಳಗು ಮಾಡಿ. ಮುಗಿದ ಮೇಲೆ ವಿನೆಗರ್ ಬೇಡ. ಸೋಡಾಕ್ಕೆ ಆಮ್ಲ ತಾಗಿ ಏಳುವ ಅನಿಲ ಪದರವನ್ನು ತೂತು ಮಾಡಬಹುದು. ಬರೀ ನೀರಿನಿಂದ ಮೂರು ನಾಲ್ಕು ಸಲ ತೊಳೆಯಿರಿ.

ಎದ್ದ ಚಿತ್ರವನ್ನು ನಿಲ್ಲಿಸುವ ಫಿಕ್ಸರ್‌ಗೆ ಅಡುಗೆಮನೆಯಲ್ಲಿ ಪರ್ಯಾಯ ಹುಡುಕಬೇಡಿ, ಹೈಪೊ (ಸೋಡಿಯಂ ಥಯೊಸಲ್ಫೇಟ್) ಹರಳೇ ತನ್ನಿ. ಲೀಟರಿಗೆ 250 ಗ್ರಾಂ. ಕರಗುವಾಗ ನೀರನ್ನು ತಣ್ಣಗೆ ಮಾಡುವುದರಿಂದ ಬೆಚ್ಚನೆಯ ನೀರಿನಲ್ಲಿ ಕರಗಿಸಿ, 20 ಡಿಗ್ರಿಗೆ ತನ್ನಿ. ಅದರಲ್ಲಿ ಅದ್ದಿದ ಫಿಲ್ಮಿನ ಒಂದು ತುಂಡು ಪಾರದರ್ಶಕವಾಗಲು ಹಿಡಿದ ಹೊತ್ತಿನ ಎರಡರಷ್ಟು ಸಮಯ ಕೊಡಿ. ಬಳಸಿದ ಹೈಪೊದಲ್ಲಿ ಬೆಳ್ಳಿ ಇರುತ್ತದೆ, ಅದನ್ನು ಬಾವಿ, ಗಟಾರದ ಕಡೆ ಸುರಿಯಬಾರದು.

ಪೂರ್ತಿ ಖಾಲಿ ರೋಲ್ ಬಂದರೆ ಅಂಚು ನೋಡಿ. ಕಾರ್ಖಾನೆಯಲ್ಲೇ ಮೂಡಿಸಿದ ಅಂಚಿನ ಅಂಕಿಗಳೂ ಇಲ್ಲದಿದ್ದರೆ ತಪ್ಪು ಡೆವಲಪರ್‌ನದು, ಮೊದಲು ಸೋಡಾ ಪರೀಕ್ಷಿಸಿ. ಅಂಕಿ ಕಪ್ಪಗೆ ಇದ್ದು ಚಿತ್ರವಿಲ್ಲದಿದ್ದರೆ ತಪ್ಪು ಕ್ಯಾಮೆರಾದ್ದು.

ಪದವಿ ಕಾಲೇಜುಗಳ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಿಖರವಾದ ತಕ್ಕಡಿ, ಡಿಸ್ಟಿಲ್ಡ್ ವಾಟರ್, ಹೈಪೊ ಮೂರೂ ಇರುತ್ತವೆ. ಕೇಳಿಕೊಂಡು ಬರುವ ವಿದ್ಯಾರ್ಥಿಗಳಿಗೆ ಅಧ್ಯಾಪಕರು ಒಂದು ಮಧ್ಯಾಹ್ನ ಅವಕಾಶ ಮಾಡಿಕೊಡಬೇಕೆಂದು ವಿನಂತಿ.

ಇಂತಿ,
ಹವ್ಯಾಸಿ ಛಾಯಾಗ್ರಾಹಕರು, ವಿಜಯಪುರ