ಡಚ್ ಪಾಠಕ್ಕೆ ಕನ್ನಡದ ದಾರಿಯೇ ಹತ್ತಿರ

ಮಾನ್ಯ ಸಂಪಾದಕರೇ,

ನೆದರ್‌ಲ್ಯಾಂಡ್ಸ್‌ಗೆ ಕೆಲಸಕ್ಕೆಂದು ಬರುವ ನಮ್ಮ ಕಡೆಯವರು ಈಗ ಜಾಸ್ತಿ. ಐಂಡ್‌ಹೋವನ್‌ನಲ್ಲಿ ಅವರಲ್ಲಿ ಕೆಲವರಿಗೆ ಭಾನುವಾರ ನಮ್ಮ ಮನೆಯಲ್ಲೇ ಡಚ್ ಹೇಳಿಕೊಡುತ್ತೇನೆ. ಊರಲ್ಲಿದ್ದಾಗಲೇ ಈ ಭಾಷೆ ಕಲಿಯುವವರಿಗೂ ಕಲಿಸುವವರಿಗೂ ಒಂದು ಮಾತು ಹೇಳಬೇಕಿದೆ.

ಇಂಗ್ಲಿಷ್ ಮೂಲಕ ಕಲಿತು ಬಂದವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ‘ಅಲ್ಲಿ ವಾಸಿಸುವ ಮನುಷ್ಯ’ ಎನ್ನಲು ಅವರು ‘ದೆ ಮನ್ ದೀ ವೋನ್ತ್ ದಾರ್’ ಅನ್ನುತ್ತಾರೆ. ‘ದಾರ್’ ಅಂದರೆ ಅಲ್ಲಿ, ‘ವೋನ್ತ್’ ಅಂದರೆ ವಾಸಿಸುತ್ತಾನೆ. ಡಚ್ಚರು ಹೇಳುವುದು ‘ದೆ ಮನ್ ದೀ ದಾರ್ ವೋನ್ತ್’. ಮೊದಲು ‘ಅಲ್ಲಿ’, ಕೊನೆಗೆ ಕ್ರಿಯಾಪದ. ನಾವು ಹುಟ್ಟಿದಾಗಿನಿಂದ ಮಾತಾಡುವ ಕ್ರಮವೇ ಅದು, ಅಲ್ವಾ? ಸುಮ್ನೆ ಇಂಗ್ಲಿಷ್ ಸುತ್ತಿಕೊಂಡು ಯಾಕೆ ಹೋಗಬೇಕು?

ವ್ಯತ್ಯಾಸ ಇರುವುದು ಜಾಗದಲ್ಲಿ. ಕನ್ನಡದಲ್ಲಿ ‘ಅಲ್ಲಿ ವಾಸಿಸುವ’ ಮೊದಲು, ಮನುಷ್ಯ ಆಮೇಲೆ. ಡಚ್‌ನಲ್ಲಿ ಮನುಷ್ಯ ಮೊದಲು. ನಡುವೆ ಕೊಂಡಿಯಾಗಿ ‘ದೀ’ ಅಥವಾ ‘ದತ್’ ಬರುತ್ತದೆ. ಇಂಗ್ಲಿಷ್‌ನ ‘the’ ಥರ ಡಚ್‌ನಲ್ಲಿ ನಾಮಪದಕ್ಕೆ ಮೊದಲು ‘ದೆ’ ಅಥವಾ ‘ಹೆತ್’ ಹಚ್ಚುತ್ತಾರೆ. ‘ದೆ’ ಹಚ್ಚುವ ನಾಮಪದಕ್ಕೆ ‘ದೀ’, ‘ಹೆತ್’ ಹಚ್ಚುವುದಕ್ಕೆ ‘ದತ್’, ಬಹುವಚನಕ್ಕೆ ಯಾವಾಗಲೂ ‘ದೀ’. ಯಾವುದು ‘ಹೆತ್’ ಅನ್ನುವುದನ್ನು ಮಾತ್ರ ಬಾಯಿಪಾಠ ಮಾಡಲೇಬೇಕು. ಹುಡುಗಿ ಕೂಡ ‘ಹೆತ್ ಮೈಶ್ಯೆ’!

ಬಿಡಿ ವಾಕ್ಯದಲ್ಲಿ ಮಾತ್ರ ಕನ್ನಡದ ಕ್ರಮ ನಡೆಯುವುದಿಲ್ಲ. ‘ಇಕ್ ಲೇಸ್ ಹೆತ್ ಬುಕ್’, ನಾನು ಪುಸ್ತಕ ಓದುತ್ತೇನೆ. ಇಲ್ಲಿ ‘ಲೇಸ್’ ಎಂಬ ಕ್ರಿಯಾಪದ ಎರಡನೇ ಜಾಗ ಬಿಟ್ಟು ಕದಲುವುದಿಲ್ಲ. ‘ನಾಳೆ’ ಅಂತ ಶುರು ಮಾಡಿದರೆ ‘ನಾನು’ ಎಂಬುದೇ ಹಿಂದೆ ಸರಿಯುತ್ತದೆ: ‘ಮಾರ್ಖೆನ್ ಲೇಸ್ ಇಕ್ ಹೆತ್ ಬುಕ್’. ಆದರೆ ‘ನಾನು ಓದುವ ಪುಸ್ತಕ’ ಅಂದ ಕೂಡಲೇ ಕ್ರಿಯಾಪದ ಕೊನೆಗೆ ಹೋಗುತ್ತದೆ: ‘ಹೆತ್ ಬುಕ್ ದತ್ ಇಕ್ ಲೇಸ್’.

ನನಗೆ ತುಂಬ ಇಷ್ಟವಾದ ಉದಾಹರಣೆ ‘ದೆ ಫ್ರೌ ದೀ ಹೆತ್ ಮೈಶ್ಯೆ ಝೀತ್’. ‘ಫ್ರೌ’ ಅಂದರೆ ಹೆಂಗಸು, ‘ಝೀತ್’ ಅಂದರೆ ನೋಡುತ್ತಾಳೆ. ಹೆಂಗಸು ಹುಡುಗಿಯನ್ನು ನೋಡುತ್ತಾಳೋ, ಹುಡುಗಿ ಹೆಂಗಸನ್ನು ನೋಡುತ್ತಾಳೋ? ಎರಡೂ ಅರ್ಥ ಹೊರಡುತ್ತವೆ. ಹಿಂದೆ ಮುಂದೆ ಏನು ಮಾತು ನಡೆದಿದೆ ಅಂತ ನೋಡಿಯೇ ತಿಳಿಯಬೇಕು. ಇಂಗ್ಲಿಷ್‌ನ ಲೆಕ್ಕದಲ್ಲಿ ಓದುವವರಿಗೆ ಈ ಎರಡನೇ ಅರ್ಥ ಕಾಣುವುದೇ ಕಷ್ಟ. ಕನ್ನಡದಲ್ಲಿ ‘ಹುಡುಗಿಯನ್ನು ನೋಡುವ ಹೆಂಗಸು’, ‘ಹುಡುಗಿ ನೋಡುವ ಹೆಂಗಸು’ ಅಂತ ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿದರೆ ತಕ್ಷಣ ಹೊಳೆಯುತ್ತದೆ.

ಇಲ್ಲಿನ ಪೌರತ್ವ ಬೇಕೆಂದರೆ ಸಾಮಾನ್ಯವಾಗಿ ಡಚ್ ಪರೀಕ್ಷೆ ಪಾಸಾಗಲೇಬೇಕು. ಆಫೀಸಿನಲ್ಲಿ ಇಂಗ್ಲಿಷ್ ಸಾಕು, ನಿಜ. ಮಗುವಿನ ಶಾಲೆಯಿಂದ ಬರುವ ಪತ್ರಕ್ಕೆ, ನಗರಸಭೆಯ ನೋಟಿಸಿಗೆ ಅದು ಸಾಲದು. ಅವುಗಳಲ್ಲಿ ಇಂಥ ಉದ್ದುದ್ದ ವಾಕ್ಯಗಳೇ ತುಂಬಿರುತ್ತವೆ.

ನಮ್ಮ ಪ್ರಕಾಶಕರಲ್ಲಿ ಯಾರಾದರೂ ಕನ್ನಡದಲ್ಲೇ ವಿವರಿಸುವ ಸಣ್ಣ ಡಚ್ ವ್ಯಾಕರಣವೊಂದನ್ನು ತರಬೇಕು. ಈ ಪಾಠ ‘ಓದುವ’, ‘ಬಂದ’, ‘ಕೊಂಡ’ ಎಂಬ ನಮ್ಮ ರೂಪಗಳಿಂದಲೇ ಶುರುವಾಗಲಿ. ಉದಾಹರಣೆ ವಾಕ್ಯಗಳನ್ನು ನಾನು ಸಂತೋಷದಿಂದ ಬರೆದುಕೊಡುತ್ತೇನೆ.

– ದಾವಣಗೆರೆ ಮೂಲದ ಡಚ್ ಶಿಕ್ಷಕಿ, ಐಂಡ್‌ಹೋವನ್