ಗೋಡೆ ನೋಡಿದಿರಿ, ಸಂಪು ಯಾರು ನೋಡುತ್ತಾರೆ?

ಸಂಪಾದಕರಿಗೆ ನಮಸ್ಕಾರ.

ಹರಿಹರದ ಹೊಳೆದಂಡೆಯಿಂದ ಬರೆಯುತ್ತಿದ್ದೇನೆ. ಗಾಜನೂರಿನ ತುಂಗಾ ಅಣೆಕಟ್ಟಿನಲ್ಲಿ ಗೇಟ್ ತೆಗೆದರು ಅಂದ್ರೆ ಸಾಕು, ಗಂಗಾನಗರದ ಕಡೆ ಜನ ಪಾತ್ರೆ, ಹಾಸಿಗೆ ಕಟ್ಟೋಕೆ ಶುರು ಮಾಡುತ್ತಾರೆ. 2019ರ ಆಗಸ್ಟ್‌ನಲ್ಲೂ ಹಾಗೇ ಆಯಿತು, ಈ ಸಲವೂ ಅದೇ.

ಹೊಳೆ ಇಳಿದ ಮೇಲೆ ಸರ್ವೆಯವರು ಬಂದರು. ಬಿದ್ದ ಗೋಡೆಗಳ ಫೋಟೊ ತೆಗೆದುಕೊಂಡರು. ಒಳ್ಳೆಯದೇ, ಪರಿಹಾರ ಬೇಗ ಸಿಗಲಿ. ಆದರೆ ಸಂಪಿನ ಮುಚ್ಚಳ ತೆಗೆದು ನೋಡಿದವರು ಒಬ್ಬರೂ ಇಲ್ಲ. ನಮ್ಮನೆಯದನ್ನು ನಾನೇ ತೆಗೆದೆ. ನೀರು ತಿಳಿಯಾಗಿಯೇ ಇತ್ತು. ಬಕೆಟ್ ಬಿಟ್ಟು ಎತ್ತಿದೆ ನೋಡಿ, ತಳದಲ್ಲಿ ಎರಡು ಬೆರಳು ಕಪ್ಪು ರಾಡಿ, ಮೇಲೆ ತೆಳ್ಳಗೆ ಎಣ್ಣೆ ಪೊರೆ, ಮೂಗಿಗೆ ಚರಂಡಿ ವಾಸನೆ. ಪಕ್ಕದ ಮನೆ ಅಜ್ಜಿ ಅಂಥದ್ದೇ ನೀರನ್ನು ಸೀರೆ ಬಟ್ಟೆಯಲ್ಲಿ ಸೋಸಿ ಒಲೆ ಮೇಲಿಟ್ಟಿದ್ದರು. “ಕುದ್ದ ಮೇಲೆ ಏನಾಗ್ತದಪ್ಪ?” ಅಂದರು.

ಕುದಿಸಿದರೆ ರೋಗದ ಕ್ರಿಮಿ ಸಾಯುತ್ತವೆ, ನಿಜ. ಆದರೆ ಶಿವಮೊಗ್ಗ, ಭದ್ರಾವತಿ, ಹೊನ್ನಾಳಿ ದಾಟಿ, ದಾರಿಯುದ್ದಕ್ಕೂ ಚರಂಡಿ, ಗ್ಯಾರೇಜು, ಭತ್ತದ ಗದ್ದೆ ಎಲ್ಲ ತೊಳೆದುಕೊಂಡು ಬಂದ ನೀರಿದು. ಗದ್ದೆಗೆ ಹೊಡೆದ ಔಷಧಿ, ಗಾಡಿ ಆಯಿಲ್ ಕುದಿಸಿದರೆ ಹೋಗಲ್ಲ. ರಸ್ತೆ ಬದಿಗೆ ಬಿಳಿ ಗೆರೆ ಎಳೆದ ಹಾಗೆ ಬ್ಲೀಚಿಂಗ್ ಪೌಡರ್ ಚೆಲ್ಲಿದರೆ ಸಂಪಿನ ನೀರಿಗೆ ಏನು ಬಂತು? ರಾಡಿ ನೀರಿಗೇ ಹಾಕಿದರೂ ಕ್ಲೋರಿನ್ನಿನ ಶಕ್ತಿಯೆಲ್ಲ ಆ ರಾಡಿಗೇ ಖರ್ಚಾಗುತ್ತದೆ. ಮೊದಲು ಸಂಪು ಖಾಲಿ ಮಾಡಿ ಉಜ್ಜಬೇಕು, ಆಮೇಲೆ ಕ್ಲೋರಿನ್.

ನನಗೆ ಜಾಸ್ತಿ ಭಯ ಇಲಿಜ್ವರದ್ದು. ಇಲಿ ಮೂತ್ರ ಸೇರಿದ ನೀರು, ಕೆಸರು ಕಾಲಿನ ಗಾಯಕ್ಕೆ ತಾಗಿದರೆ ಸಾಕು. ಸಾಮಾನ್ಯವಾಗಿ 5ರಿಂದ 14 ದಿನ ಬಿಟ್ಟು ಜ್ವರ ಬರುತ್ತದೆ, ಮೀನಖಂಡ ನೋಯುತ್ತದೆ, ಕಣ್ಣು ಕೆಂಪಾಗುತ್ತದೆ. ಅಷ್ಟೊತ್ತಿಗೆ ಕಾಳಜಿ ಕೇಂದ್ರ ಮುಚ್ಚಿರುತ್ತದೆ, ಜನ ಕೆಸರು ಬಳಿದ ಮೈಕೈ ನೋವು ಅಂದುಕೊಂಡು ಮೆಡಿಕಲ್ಲಿನಿಂದ ಒಂದು ಮಾತ್ರೆ ತಂದು ನುಂಗಿ ಸುಮ್ನೆ ಮಲಗುತ್ತಾರೆ. ಹಾಗಾಗಿ ಆಶಾ ಕಾರ್ಯಕರ್ತೆಯರು ನೆರೆ ಹೋದ ಮೇಲೂ ಒಂದು ತಿಂಗಳು ಮನೆಮನೆಗೆ ಬಂದು ಜ್ವರ ವಿಚಾರಿಸಬೇಕು.

ನೀರಿನ ಪರೀಕ್ಷೆ ದೊಡ್ಡ ಕೆಲಸವೇನಲ್ಲ. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆ ಅಂತ ಬರುವ ಬಾಟಲಿಗೆ ನೀರು ತುಂಬಿಸಿ ಇಟ್ಟರೆ, ಚರಂಡಿ ಕ್ರಿಮಿ ಸೇರಿದ ನೀರು 24ರಿಂದ 48 ಗಂಟೆಯಲ್ಲಿ ಕಪ್ಪಾಗುತ್ತದೆ. ನಲ್ಲಿ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯಾ ಅಂತ ನೋಡೋಕೆ ಕೆಲವೇ ನಿಮಿಷ ಸಾಕು. ಔಷಧಿ, ಎಣ್ಣೆ ಅಂಶ ಮಾತ್ರ ಲ್ಯಾಬಿಗೇ ಹೋಗಬೇಕು. 2023ರ ಆಗಸ್ಟ್‌ನಲ್ಲಿ ಪಕ್ಕದ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಜೀವ ಕಳೆದುಕೊಂಡರು. ಅಲ್ಲಿ ನೆರೆಯೂ ಬಂದಿರಲಿಲ್ಲ.

ಬಂದ ಫಲಿತಾಂಶ ಫೈಲಿನಲ್ಲಿ ಇಟ್ಟುಕೊಳ್ಳಬೇಡಿ. ಕುಡಿಯಬಹುದು, ಕುಡಿಯಬಾರದು ಅಂತ ಕೈಪಂಪಿನ ಮೇಲೇ ಪೇಂಟಿನಲ್ಲಿ ಬರೆಸಿ. ನಮ್ಮ ಬೀದಿ ಅಂಗನವಾಡಿ ಮುಂದಿನ ಪಂಪಿಗೆ ಇವತ್ತು ಬೆಳಿಗ್ಗೆಯೂ ಕೊಡಗಳ ಸಾಲಿತ್ತು. ಮೊದಲ ಬಾಟಲಿ ಅಲ್ಲೇ ತುಂಬಿಸಿ.

– ಹೊಳೆದಂಡೆಯ ನಿವಾಸಿ, ಹರಿಹರ